ಮುಚ್ಚಲು ಅಪ್ಪಣೆ, ಎಣಿಕೆಗೆ ಮುನ್ನೂರು

ಮೇಡ್ಲೇರಿಯಿಂದ ಕೂಲಿ ಅರಸಿ ಹೊರಡುವವರಿಗೆ ಎರಡು ದಾರಿಗಳಿವೆ. ಒಂದು, ಅದೇ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ. ತುಂಗಭದ್ರೆಯ ದಂಡೆಯ ಈ ಊರಿನಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಆರಂಭವಾಯಿತು. ಇನ್ನೊಂದು, ಬ್ಯಾಡಗಿಯ ಮೆಣಸಿನಕಾಯಿ ಪೇಟೆ. ಕಾರ್ಮಿಕ ಕಾನೂನಿನ ಕಣ್ಣಿಗೆ ಇವೆರಡೂ ಬೇರೆ ಬೇರೆ ಲೋಕಗಳು.

ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ ಐದು-ಬಿ ಎಂಬ ಅಧ್ಯಾಯ ಸೇರಿತು. 300 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ, ಗಣಿ, ತೋಟಗಳಲ್ಲಿ ಕೆಲಸಗಾರರನ್ನು ತೆಗೆಯಲು ಅಥವಾ ಬೀಗ ಹಾಕಲು ಸರ್ಕಾರದ ಅಪ್ಪಣೆ ಕಡ್ಡಾಯವಾಯಿತು. ನಷ್ಟದ ಉದ್ಯಮವನ್ನೂ ನಡೆಸಲೇಬೇಕೆಂದರೆ ಹೇಗೆ ಎಂಬುದು ಮಾಲೀಕರ ತಕರಾರು. ಎಕ್ಸೆಲ್ ವೇರ್ ಎಂಬ ಮುಂಬಯಿಯ ಉಡುಪು ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಈ ವಾದವನ್ನು ಒಪ್ಪಿ, ಮುಚ್ಚುವಿಕೆಗೆ ಸಂಬಂಧಿಸಿದ ಕಲಮನ್ನು ರದ್ದುಪಡಿಸಿತು. ಸರ್ಕಾರ ಸುಮ್ಮನಿರಲಿಲ್ಲ. 1982ರಲ್ಲಿ ಕಲಮನ್ನು ತಿದ್ದಿ ತಂದಿತಲ್ಲದೆ ಮಿತಿಯನ್ನು 300ರಿಂದ 100ಕ್ಕೆ ಇಳಿಸಿತು. ಈ ತಿದ್ದುಪಡಿ 1984ರಲ್ಲಿ ಜಾರಿಗೆ ಬಂತು.

ಅಂದಿನಿಂದ ಉದ್ಯಮಿಯ ಲೆಕ್ಕಾಚಾರದಲ್ಲಿ ನೂರು ಎಂಬುದು ಅಪಾಯದ ಗೆರೆಯಾಯಿತು. ಕಾಯಂ ನೌಕರರನ್ನು ಹೆಚ್ಚಿಸುವುದಕ್ಕಿಂತ ಗುತ್ತಿಗೆದಾರನ ಮೂಲಕ ಆಳು ತರುವುದೇ ಲೇಸೆಂದು ಹಲವರಿಗೆ ತೋರಿತು. ಹಾಗೆಂದು ಅಪ್ಪಣೆಯ ಕಾನೂನು ಕಾರ್ಖಾನೆಗಳನ್ನು ಉಳಿಸಿತೇ? ನದಿಯಾಚೆಯ ಹರಿಹರದಲ್ಲಿ 1941ರಲ್ಲಿ ಹುಟ್ಟಿ, ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ಕಾನೂನು ಆಗಲೂ ಪುಸ್ತಕದಲ್ಲಿತ್ತು.

ಕೈಗಾರಿಕಾ ಸಂಬಂಧಗಳ ಸಂಹಿತೆ 2020ರಲ್ಲಿ ಅಂಗೀಕಾರವಾಗಿ, 2025ರ ನವೆಂಬರ್ 21ರಂದು ಜಾರಿಗೆ ಬಂತು. ಮಿತಿ ಮತ್ತೆ 300ಕ್ಕೆ ಏರಿತು. ನಿಗದಿತ ಅವಧಿಗೆ ನೇರವಾಗಿ ನೇಮಿಸಿಕೊಳ್ಳುವುದಕ್ಕೂ ಸಂಹಿತೆ ಮನ್ನಣೆ ಕೊಟ್ಟಿದೆ. ಉದ್ಯಮಿಗಳಿಗೆ ಇದು ಬಹುಕಾಲದ ಬೇಡಿಕೆ. ಸಂಘಟನೆಗಳಿಗೆ ಕೈತಪ್ಪಿದ ರಕ್ಷಣೆ.

ಬ್ಯಾಡಗಿಗೆ ಈ ಜಗ್ಗಾಟ ಎಂದೂ ಮುಟ್ಟಲಿಲ್ಲವೆಂದೇ ಹೇಳಬೇಕು. ಹಂಗಾಮಿನ ಉದ್ಯೋಗಗಳನ್ನು ಐದು-ಬಿ ಅಧ್ಯಾಯ 1976ರಲ್ಲೇ ಹೊರಗಿಟ್ಟಿತ್ತು. ಅಲ್ಲಿ ಮಾಲು ಬರುವುದು ವರ್ಷದ ಕೆಲವೇ ತಿಂಗಳು. ಆ ತಿಂಗಳುಗಳಲ್ಲಿ ಹೆಂಗಸರು ಘಾಟಿನ ನಡುವೆ ಕುಳಿತು ಕಾಯಿಯ ತುಂಬು ಬಿಡಿಸುತ್ತಾರೆ, ಅಂದರೆ ತೊಟ್ಟು ತೆಗೆಯುತ್ತಾರೆ. ಕೂಲಿ ತೂಕದ ಲೆಕ್ಕದಲ್ಲಿ. ವರ್ಷವಿಡೀ ಸಂಬಳ ಕೊಡುವಂಥ ವಹಿವಾಟು ಇದಲ್ಲ ಎಂಬ ವರ್ತಕರ ಮಾತು ಸುಳ್ಳೇನಲ್ಲ. ಆದರೆ ಇಂಥ ಕೆಲಸಕ್ಕೆ ಅನ್ವಯಿಸುವ ಕಾನೂನು ಬೇರೆಯೇ ಇದೆ. 1948ರ ಕನಿಷ್ಠ ವೇತನ ಕಾಯ್ದೆಯ ಜಾಗಕ್ಕೆ ಬಂದಿರುವ ವೇತನ ಸಂಹಿತೆ ತಲೆ ಎಣಿಸುವುದಿಲ್ಲ. ತೂಕದ ಕೂಲಿಗೆ ಪ್ರತ್ಯೇಕ ಕನಿಷ್ಠ ದರ ಗೊತ್ತುಮಾಡದಿದ್ದಲ್ಲಿ, ಕೆಲಸ ಮಾಡಿದ ಹೊತ್ತಿನ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ ಎನ್ನುತ್ತದೆ. ಇದು ಕೈಗೆ ದಕ್ಕಬೇಕಾದರೆ ತೂಕದ ಚೀಟಿಯಲ್ಲಿ ಕಿಲೋ ಜೊತೆಗೆ, ಬೆಳಿಗ್ಗೆ ಬಂದ ಹೊತ್ತು, ಸಂಜೆ ಎದ್ದ ಹೊತ್ತನ್ನೂ ಬರೆಯಬೇಕಾಗುತ್ತದೆ.