ನೆರೆ, ಕೊರೋನಾ ಮತ್ತು ಕೇರಳದ ಮಹಿಳಾ ಸಂಘಗಳು

ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿ ಬೆಳ್ಳಿಹಬ್ಬ ಆಚರಿಸುತ್ತಿದೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಚರಿತ್ರೆಯನ್ನು ಪ್ರತಿ ಸಹಕಾರ ಸಪ್ತಾಹದಲ್ಲೂ ಕೇಳುತ್ತಾ ಬಂದಿದ್ದೇವೆ. ಇಲ್ಲಿ ನಾವು ಹೇಳಹೊರಟಿರುವುದು ತೀರಾ ಈಚಿನ ಚರಿತ್ರೆ. ಪಕ್ಕದ ಕೇರಳದ ಕುಟುಂಬಶ್ರೀ ಸಂಘಗಳ ಹೆಂಗಸರು ಎರಡು ದೊಡ್ಡ ಕಂಟಕಗಳಲ್ಲಿ ಊರುಗಳನ್ನು ಹೇಗೆ ಎತ್ತಿ ನಿಲ್ಲಿಸಿದರು ಎಂಬ ಸಂಗತಿ.

ಬುಡದಿಂದಲೇ ಶುರು ಮಾಡೋಣ. 1990ರ ದಶಕದ ಆರಂಭದಲ್ಲಿ ಆಲಪ್ಪುಳ ಪಟ್ಟಣದಲ್ಲಿ, ಆಮೇಲೆ ಮಲಪ್ಪುರಂ ಜಿಲ್ಲೆಯಲ್ಲಿ ಬಡ ಹೆಂಗಸರ ಕೂಟಗಳನ್ನು ಕಟ್ಟಲಾಯಿತು. ಆ ಅನುಭವದ ಮೇಲೆ 1998ರ ಮೇ 17ರಂದು ಆಗಿನ ಪ್ರಧಾನಿ ವಾಜಪೇಯಿಯವರು ಮಲಪ್ಪುರಂನಲ್ಲಿ ಕುಟುಂಬಶ್ರೀಯನ್ನು ಉದ್ಘಾಟಿಸಿದರು. ಹತ್ತಿಪ್ಪತ್ತು ಮನೆಗಳ ಹೆಂಗಸರು ಸೇರಿದರೆ ಒಂದು ನೆರೆಕೂಟ. ವಾರಕ್ಕೊಮ್ಮೆ ಸಭೆ, ಕೈಲಾದಷ್ಟು ಉಳಿತಾಯ, ಅದರಲ್ಲೇ ಸಣ್ಣ ಸಾಲ. ನೆರೆಕೂಟಗಳ ಮೇಲೆ ವಾರ್ಡಿಗೊಂದು ಸಂಘ, ಅದರ ಮೇಲೆ ಪಂಚಾಯ್ತಿಗೊಂದು ಸಂಘ. ಲೆಕ್ಕ ಬರೆಯುವವರೂ ಅವರೇ, ಅಧ್ಯಕ್ಷರನ್ನು ಆರಿಸುವವರೂ ಅವರೇ. ಹನಿ ಹನಿ ಕೂಡಿ ಹಳ್ಳ ಅಂತಾರಲ್ಲ, ಹಾಗೆ ಇಪ್ಪತ್ತು ವರ್ಷದಲ್ಲಿ ಸದಸ್ಯೆಯರ ಸಂಖ್ಯೆ 40 ಲಕ್ಷ ದಾಟಿತು.

2018ರ ಆಗಸ್ಟ್ ತಿಂಗಳ ಮಳೆ ನಮಗೂ ಮರೆತಿಲ್ಲ. ಅದೇ ಮಳೆಗೆ ನಮ್ಮ ಕೊಡಗಿನಲ್ಲಿ ಗುಡ್ಡಗಳು ಜರಿದವು. ಕೇರಳದಲ್ಲಂತೂ 400ಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಜನ ಗಂಜಿಕೇಂದ್ರ ಸೇರಿದರು. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ ಭತ್ತ ಬೆಳೆಯುವ ಕುಟ್ಟನಾಡು ಪೂರ್ತಿ ಮುಳುಗಿತು. ನೀರು ಇಳಿದ ಮೇಲೆ ಇನ್ನೊಂದು ಕಷ್ಟ ಶುರುವಾಯಿತು. ಮನೆಯೊಳಗೆಲ್ಲ ಕೆಸರು, ಬಾವಿ ನೀರು ಕೆಟ್ಟಿತ್ತು, ಇಲಿಜ್ವರದ ಭಯ ಬೇರೆ. ಆಗ ಕುಟುಂಬಶ್ರೀ ಹೆಂಗಸರು ಪೊರಕೆ, ಸನಿಕೆ, ಬ್ಲೀಚಿಂಗ್ ಪುಡಿ ಹಿಡಿದು ಮನೆ, ಶಾಲೆ, ಪಂಚಾಯ್ತಿ ಕಚೇರಿಗಳನ್ನು ತೊಳೆದರು. ಇವರಲ್ಲಿ ಎಷ್ಟೋ ಮಂದಿಯ ಸ್ವಂತ ಮನೆಗೂ ನೀರು ನುಗ್ಗಿತ್ತು, ಗುಂಪಾಗಿ ಗುತ್ತಿಗೆಗೆ ಹಿಡಿದು ಮಾಡಿದ್ದ ಬೆಳೆಯೂ ಹೋಗಿತ್ತು.

ಸರ್ಕಾರ ನೆರೆ ಸಂತ್ರಸ್ತರಿಗೆ ಮನೆ ಸಾಮಾನು ಕೊಳ್ಳಲು 1 ಲಕ್ಷ ರೂಪಾಯಿವರೆಗೆ ಬ್ಯಾಂಕ್ ಸಾಲದ ವ್ಯವಸ್ಥೆ ಮಾಡಿತು, ಬಡ್ಡಿಯನ್ನು ತಾನೇ ಹೊತ್ತುಕೊಂಡಿತು. ಆ ಸಾಲ ಹೋದದ್ದು ಈ ನೆರೆಕೂಟಗಳ ಮೂಲಕ. ಯಾರ ಮನೆ ಎಷ್ಟು ಹಾಳಾಗಿದೆ, ಯಾರು ತೀರಿಸಬಲ್ಲರು ಎಂಬುದು ವಾರವಾರ ಜೊತೆಯಲ್ಲಿ ಕೂರುವ ಹೆಂಗಸರಿಗೆ ಗೊತ್ತಿದ್ದಷ್ಟು ಯಾವ ಕಚೇರಿಗೆ ಗೊತ್ತಿರುತ್ತದೆ ಹೇಳಿ?

ಎರಡು ವರ್ಷ ಕಳೆಯುವುದರೊಳಗೆ ಕೊರೋನಾ ಬಂತು. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಕೂಲಿ ನಿಂತವರ ಹೊಟ್ಟೆಪಾಡಿಗೆ ಪಂಚಾಯ್ತಿಗಳು ಸಮುದಾಯ ಅಡುಗೆಮನೆ ತೆರೆದವು, ಒಲೆ ಮುಂದೆ ನಿಂತವರು ಮತ್ತೆ ಇವರೇ. ಇವರ ಹೊಲಿಗೆ ಘಟಕಗಳು ಮಾಸ್ಕ್ ಹೊಲಿದವು. 20 ರೂಪಾಯಿಗೆ ಊಟ ಕೊಡುವ 'ಜನಕೀಯ ಹೋಟೆಲ್'ಗಳನ್ನು ನಡೆಸಿದರು. ನಮ್ಮ ರಾಜ್ಯದಲ್ಲೂ ಸ್ವಸಹಾಯ ಸಂಘದವರು ಮಾಸ್ಕ್ ಹೊಲಿದರು, ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗಿದರು. ಭಾರತದ ಆಶಾ ಕಾರ್ಯಕರ್ತೆಯರನ್ನು 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಗೌರವಿಸಿತು.

ಹಾಗಂತ ಎಲ್ಲವೂ ಸುಸೂತ್ರ ಅಂತ ನಾವು ಹೇಳುವುದಿಲ್ಲ. ಆ ಹೋಟೆಲುಗಳಿಗೆ ಸರ್ಕಾರ ಊಟಕ್ಕೆ 10 ರೂಪಾಯಿ ಸಹಾಯಧನ ಕೊಡುತ್ತಿತ್ತು. 2023ರ ಆಗಸ್ಟಿನಲ್ಲಿ ಅದು ನಿಂತಿತು, ಊಟದ ಬೆಲೆ 30 ರೂಪಾಯಿ ಆಯಿತು. ಕಷ್ಟಕಾಲದಲ್ಲಿ ಹೆಂಗಸರನ್ನು ಕರೆದು ಹೊಗಳಿ, ಕಷ್ಟ ಕಳೆದ ಮೇಲೆ ಕೈಬಿಡುವುದು ನ್ಯಾಯವಲ್ಲ. ಹೊಗಳಿಕೆಯಿಂದ ಅಕ್ಕಿ ಅಂಗಡಿಯ ಬಾಕಿ ತೀರುವುದಿಲ್ಲ.

ಈ ಚರಿತ್ರೆಯಿಂದ ನಮಗೆ ತಿಳಿದದ್ದು ಒಂದು ಮಾತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ. ಕೇರಳದ ಹೆಂಗಸರು ಇಪ್ಪತ್ತು ವರ್ಷ ಮೊದಲೇ ಬಾವಿ ತೋಡಿ ಇಟ್ಟಿದ್ದರು. ಆ ವಾರದ ಸಭೆ, ಆ ಲೆಕ್ಕದ ಪುಸ್ತಕವೇ ಬಾವಿ.

ಈಗ ನಮ್ಮ ಕಡೆ ನೋಡೋಣ. ಪಹಣಿ ಗಂಡಸಿನ ಹೆಸರಲ್ಲಿರುತ್ತದೆ, ಆದ್ದರಿಂದ ಷೇರೂ ಅವನದೇ, ಬೆಳೆಸಾಲವೂ ಅವನದೇ. ನಾಟಿ, ಕಳೆ, ಕೊಯ್ಲು ಮಾತ್ರ ಅವಳದು. ಕಾಯ್ದೆ ಪ್ರಕಾರ ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನವಿದೆ. ಆದರೆ ಅಕ್ಕನವರು ಗೆದ್ದರೆ ಭಾವನವರು ಬಂದು ಕುರ್ಚಿ ಮೇಲೆ ಕೂರುವ ಪದ್ಧತಿ ಎಷ್ಟೋ ಊರುಗಳಲ್ಲಿದೆ. ಮಳೆ ಈಗ ಹೇಳಿದ ಮಾತು ಕೇಳುವುದಿಲ್ಲ, ಒಂದು ವರ್ಷ ಬರ, ಮತ್ತೊಂದು ವರ್ಷ ನೆರೆ. ಮುಂದಿನ ಕಷ್ಟ ಹೇಳಿ ಕೇಳಿ ಬರುವುದಿಲ್ಲ.

ಆದಕಾರಣ ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಈ ಬೆಳ್ಳಿಹಬ್ಬದ ವರ್ಷ ಪ್ರತಿ ಮನೆಯಿಂದ ಒಬ್ಬ ಹೆಣ್ಣುಮಗಳು ಸ್ವಂತ ಹೆಸರಿನಲ್ಲಿ ಷೇರು ಪಡೆಯಲಿ. ಮಹಾಸಭೆಗೆ ಅವರೇ ಬರಲಿ, ಜಮಾಖರ್ಚು ಓದಿ ಪ್ರಶ್ನೆ ಕೇಳಲಿ. ಗಂಡಸರು ಆ ಹೊತ್ತು ಮನೆಯಲ್ಲಿ ದನಕರು ನೋಡಿಕೊಂಡರೆ ಸಂಘಕ್ಕೆ ನಷ್ಟವೇನೂ ಇಲ್ಲ. ಸಹಕಾರ ತತ್ವ ಚಿರಾಯುವಾಗಲಿ.