ಗಡಚಿರೋಲಿಯ ಏಳು ಲಕ್ಷಣಗಳು

ಮಹಾರಾಷ್ಟ್ರದ ಪೂರ್ವ ಅಂಚಿನಲ್ಲಿರುವ ಗಡಚಿರೋಲಿ ಕಾಡಿನ ಜಿಲ್ಲೆ. 1990ರ ದಶಕದಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಹೆರಿಗೆಗಳು ಬಹುಪಾಲು ಮನೆಯಲ್ಲೇ ಆಗುತ್ತಿದ್ದವು. ಆಸ್ಪತ್ರೆ ದೂರ, ಕೈಯಲ್ಲಿ ಕಾಸಿಲ್ಲ, ಹಸಿಮೈ ಬಾಣಂತಿಯನ್ನು ಹೊರಗೆ ಕಳಿಸಲು ಮನೆಯವರಿಗೆ ಮನಸ್ಸಿಲ್ಲ. ಹಾಗಾಗಿ ಕಾಯಿಲೆ ಬಿದ್ದ ಎಳೆಗೂಸುಗಳು ವೈದ್ಯರ ಕಣ್ಣಿಗೆ ಬೀಳುವುದೇ ಅಪರೂಪವಾಗಿತ್ತು.

ಎಳೆಗೂಸುಗಳ ಸಾವುಗಳ ಹಿಂದಿನ ದೊಡ್ಡ ಕಾರಣಗಳಲ್ಲೊಂದು ರಕ್ತಕ್ಕೇರುವ ನಂಜು. ಬ್ಯಾಕ್ಟೀರಿಯಾ ರಕ್ತ ಸೇರಿದರೆ ದೊಡ್ಡವರಿಗೆ ಸಾಮಾನ್ಯವಾಗಿ ಜ್ವರ ಕಾಯುತ್ತದೆ. ನಾಲ್ಕಾರು ದಿನದ ಕೂಸಿಗೆ ಜ್ವರ ಬಾರದೆಯೂ ಇರಬಹುದು, ಮೈ ತಣ್ಣಗಾಗುವುದೂ ಉಂಟು. ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಕಲ್ಚರ್ ಮಾಡಿ ನೋಡಲು ಪ್ರಯೋಗಾಲಯ ಬೇಕು, ಫಲಿತಾಂಶಕ್ಕೆ ದಿನಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಕೂಸು ಕೈತಪ್ಪಿಬಿಡಬಹುದು.

ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ತಮ್ಮ ‘ಸರ್ಚ್’ ಸಂಸ್ಥೆಯ ಮೂಲಕ ನಂಜನ್ನು ಗುರುತಿಸಿ ಚಿಕಿತ್ಸೆ ಕೊಡುವ ಕೆಲಸವನ್ನು ಬಾಣಂತಿಯ ಕೋಣೆಗೇ ಒಯ್ದರು. ಒಂದಿಷ್ಟು ಶಾಲೆ ಕಲಿತಿದ್ದ ಹಳ್ಳಿಯ ಹೆಣ್ಣುಮಕ್ಕಳನ್ನೇ ಆರಿಸಿ, ‘ಆರೋಗ್ಯದೂತ’ರೆಂದು ಕರೆದು ತರಬೇತಿ ಕೊಟ್ಟರು. ಮನೆಮನೆಗೆ ಹೋಗುವುದು, ಕೂಸಿನ ತೂಕ ನೋಡುವುದು, ಮೈ ಬಿಸಿ ಅಳೆಯುವುದು, ಉಸಿರು ಎಣಿಸುವುದು, ಕಂಡದ್ದನ್ನೆಲ್ಲ ಬರೆದಿಡುವುದು ಅವರ ಕೆಲಸ. ನಂಜಿನ ಗುರುತು ಸಿಕ್ಕಿ, ಆಸ್ಪತ್ರೆಗೆ ಹೋಗಲು ಮನೆಯವರು ಒಪ್ಪದಿದ್ದರೆ, ಅವರ ಸಮ್ಮತಿ ಪಡೆದು ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಚುಚ್ಚುಮದ್ದನ್ನೂ ಆರೋಗ್ಯದೂತರೇ ಕೊಡುತ್ತಿದ್ದರು.

39 ಹಳ್ಳಿಗಳ ಈ ಪ್ರಯೋಗದ ಫಲಿತಾಂಶ 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿಕಿತ್ಸೆ ಆರಂಭಿಸುವ ಮೊದಲು ನಂಜು ತಗಲಿದ ಕೂಸುಗಳಲ್ಲಿ ಶೇ. 16.6ರಷ್ಟು ಸಾಯುತ್ತಿದ್ದವು, ಆಮೇಲೆ ಅದು ಶೇ. 2.8ಕ್ಕೆ ಇಳಿಯಿತು.

ಆ ಹಳ್ಳಿಗಳ ದಾಖಲೆಗಳನ್ನು ಜಾಲಾಡಿದ ತಂಡ 2005ರಲ್ಲಿ ಏಳು ಲಕ್ಷಣಗಳ ಪಟ್ಟಿ ಕೊಟ್ಟಿತು: ಹಾಲು ಚೀಪುವುದು ಕಡಿಮೆಯಾಗುವುದು ಅಥವಾ ನಿಲ್ಲುವುದು, ಅಳು ಕುಗ್ಗುವುದು, ಕೈಕಾಲು ಜೋಲುವುದು, ವಾಂತಿ ಅಥವಾ ಹೊಟ್ಟೆಯುಬ್ಬರ, ಮುಟ್ಟಿದರೆ ಮೈ ತಣ್ಣಗಿರುವುದು, ಉಸಿರೆಳೆದಾಗ ಎದೆ ಜೋರಾಗಿ ಒಳಸೇದುವುದು, ಹೊಕ್ಕುಳ ನಂಜು. ಇವುಗಳಲ್ಲಿ ಯಾವುದೇ ಎರಡು ಒಟ್ಟಿಗೆ ಕಂಡರೆ ಚಿಕಿತ್ಸೆ ಬೇಕು ಎಂಬುದು ಅವರ ಸೂತ್ರ. ಒಂದನ್ನೂ ಗುರುತಿಸಲು ಯಂತ್ರ ಬೇಕಿಲ್ಲ. ಪಕ್ಕದಲ್ಲೇ ಮಲಗಿರುವ ತಾಯಿ, ಎರೆಯುವ ಅಜ್ಜಿ ಮೊದಲಿಗೆ ಗಮನಿಸುವ ಸಂಗತಿಗಳೇ ಇವು. ‘ಯಾಕೋ ಮಗು ಹಾಲು ಕುಡಿಯುತ್ತಿಲ್ಲ’ ಎಂಬ ತಾಯಿಯ ಮಾತನ್ನು ವೈದ್ಯಕೀಯ ಪುರಾವೆಯಾಗಿ ಎಣಿಸಿದ್ದೇ ಗಡಚಿರೋಲಿಯ ದೊಡ್ಡ ಸಾಧನೆ.

ಇದೇ ಮಾದರಿಯಲ್ಲಿ 2011ರಲ್ಲಿ ಕೇಂದ್ರ ಸರ್ಕಾರ ಮನೆಯಲ್ಲೇ ನವಜಾತ ಶಿಶುಗಳ ಆರೈಕೆ ಮಾಡುವ ಕಾರ್ಯಕ್ರಮವನ್ನು ದೇಶದ ಆಶಾ ಕಾರ್ಯಕರ್ತೆಯರಿಗೆ ವಹಿಸಿತು. ಆಸ್ಪತ್ರೆಗೆ ಕಳಿಸಲು ಸಾಧ್ಯವೇ ಆಗದ ಸಂದರ್ಭದಲ್ಲಿ ಆರೋಗ್ಯ ಉಪಕೇಂದ್ರದ ದಾದಿಯರಾದ ಎಎನ್‌ಎಂಗಳು ಜೆಂಟಾಮೈಸಿನ್ ಕೊಡಲು 2014ರಲ್ಲಿ ಅನುಮತಿ ಸಿಕ್ಕಿತು. ಕರ್ನಾಟಕದ ಹಳ್ಳಿಗಳಲ್ಲೂ ಆಶಾ ಕಾರ್ಯಕರ್ತೆ ಹೆರಿಗೆಯಾದ 42ನೆಯ ದಿನದವರೆಗೆ ಬಾಣಂತಿಯ ಮನೆಗೆ ಬಂದು ಹೋಗುತ್ತಾರೆ. ಆದರೆ ನಂಜು ಅವರ ಮುಂದಿನ ಭೇಟಿಗೆ ಕಾಯುವುದಿಲ್ಲ. ಇಂದು ಎರಡನೆಯ ಲಕ್ಷಣಕ್ಕಾಗಿ ಕಾಯಬೇಕಾಗಿಯೂ ಇಲ್ಲ: ಹಾಲು ಬಿಟ್ಟ, ಮಂಕಾದ, ಮೈ ಸುಡುವ ಅಥವಾ ತಣ್ಣಗಾದ ಕೂಸನ್ನು ಅದೇ ಗಳಿಗೆ, ರಾತ್ರಿಯಾಗಿದ್ದರೂ, ಆಸ್ಪತ್ರೆಗೆ ಒಯ್ಯಬೇಕು.