ಅಡಿಕೆ ಹಂಡೆ, ಖರ್ಜೂರದ ಹಂಡೆ

ಮೂರು ವರ್ಷದ ಹಿಂದೆ ಜುಲೈ ತಿಂಗಳಲ್ಲಿ ಬಿದಿಯಾ ಕಡೆಯ ಒಂದು ಖರ್ಜೂರದ ತೋಟಕ್ಕೆ ಪಂಪಿನ ಪ್ಯಾನಲ್ ರಿಪೇರಿಗೆ ಹೋಗಿದ್ದೆ. ಕೆಲಸ ಮುಗಿಸಿ ಹೊರಗೆ ಬಂದರೆ ದೊಡ್ಡ ತಾಮ್ರದ ಹಂಡೆಯಲ್ಲಿ ಹಳದಿ ಕಾಯಿ ಕುದೀತಾ ಇತ್ತು. ಹೊಗೆ, ಬೆವರು, ಒಲೆಗೆ ಸೌದೆ ನೂಕುವವರ ಗಲಾಟೆ. ಒಂದು ಗಳಿಗೆ ನಮ್ಮ ಸಿದ್ದಾಪುರದ ಅಡಿಕೆ ಅಂಗಳದಲ್ಲೇ ನಿಂತ ಹಾಗಾಯ್ತು.

ಇದಕ್ಕೆ ಇಲ್ಲಿಯವರು ತಬ್ಸೀಲ್ ಅಂತಾರೆ. ಮಬ್ಸಲಿ ಅನ್ನೋ ಜಾತಿಯ ಖರ್ಜೂರವನ್ನು ಪೂರ್ತಿ ಹಣ್ಣಾಗುವ ಮೊದಲೇ ಕೊಯ್ದು, ಬೇಯಿಸಿ, ಬಿಸಿಲಿಗೆ ಹರವಿ ಒಣಗಿಸ್ತಾರೆ. ಹಿಂದೆ ಇದು ಹಾಯಿಹಡಗಿನಲ್ಲಿ ಹೋಗ್ತಾ ಇದ್ದದ್ದು ಹೆಚ್ಚಾಗಿ ನಮ್ಮ ದೇಶಕ್ಕೇ. ಮದುವೆ ತಟ್ಟೆಯಲ್ಲಿ ಎಲೆ ಅಡಿಕೆ ಪಕ್ಕ ಇಡುವ ಉತ್ತುತ್ತೆ ಇದೆಯಲ್ಲ, ಅದೇ. ನಮ್ಮಲ್ಲಿಗೆ ಬಂದದ್ದೆಲ್ಲ ಒಮಾನಿನದೇ ಅಂತಲ್ಲ, ಆದರೆ ಇಲ್ಲಿಯದೂ ಇತ್ತು.

ನಮ್ಮ ಕೆಂಪಡಿಕೆಯ ಕಥೆಯೂ ಹೀಗೇ. ಹಸಿರು ಇರುವಾಗಲೇ ಕೊನೆ ಇಳಿಸಿ, ಸುಲಿದು, ಚೊಗರು ಹಾಕಿ ಬೇಯಿಸಿ ಒಣಗಿಸಬೇಕು. ನಮ್ಮದು ತೋಟದ ಮನೆಯಲ್ಲ. ಅಮ್ಮ ಸುಲಿಯೋಕೆ ಹೋಗ್ತಿದ್ದಳು. ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿ ಮುಂದೆ ಕೂತು, ಡಬ್ಬದ ಲೆಕ್ಕದಲ್ಲಿ ಕೂಲಿ. ಅವಳ ಬೆರಳಿನ ಕಪ್ಪು ಮಳೆಗಾಲದವರೆಗೂ ಹೋಗ್ತಿರಲಿಲ್ಲ. ಅಡಿಕೆಯ ಇತಿಹಾಸ ಬರೆಯುವವರು ಈ ಬೆರಳುಗಳನ್ನು ಬರೆಯೋದು ಕಡಿಮೆ.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನೋ ಇಂಗ್ಲಿಷ್ ಕಂಪನಿಯ ವೈದ್ಯ ಸೋಂದಾ, ಶಿರಸಿ ಸೀಮೆಯಲ್ಲಿ ತಿರುಗಿ ಅಡಿಕೆ ತೋಟಗಳ ಬಗ್ಗೆ ಬರೆದಿದ್ದಾನೆ. ಆಗಲೇ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸ್ತಿದ್ದರು. ಅಂದರೆ ಅಡಿಕೆ ಯಾವತ್ತೂ ಒಂಟಿ ಬೆಳೆಯಾಗಿರಲಿಲ್ಲ. ಮೇಲೆ ಅಡಿಕೆ, ಮೈಮೇಲೆ ಮೆಣಸು, ಕೆಳಗೆ ಬಾಳೆ, ಏಲಕ್ಕಿ. ಒಂದು ಕೈಕೊಟ್ಟರೆ ಇನ್ನೊಂದು. ಅದಕ್ಕೂ ಸ್ವಲ್ಪ ಮೊದಲು ಟಿಪ್ಪು ಸುಲ್ತಾನ ಮಸ್ಕತ್ತಿನಲ್ಲಿ ಒಂದು ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಮಂಗಳೂರಿನಿಂದ ಅಕ್ಕಿ, ಮೆಣಸು ಎಲ್ಲ ಇಲ್ಲಿಗೆ ಬರ್ತಿತ್ತು. ನಮಗಿಂತ ಮುಂಚೆ ನಮ್ಮ ಮೆಣಸೇ ಗಲ್ಫಿಗೆ ಬಂದಿತ್ತು ಅನ್ನಿ.

ಬೆಳೆಯೋದು ಗೊತ್ತಿತ್ತು, ಮಾರೋದೇ ಕಷ್ಟ. ಮುಂಗಡ ಸಾಲ ಕೊಟ್ಟವನೇ ತೂಕ ಹಾಕುವವನು, ದರ ಹೇಳುವವನು. ಬೆಳೆಗಾರರು ಸೇರಿ 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೊಸೈಟಿ ಕಟ್ಟಿದರು, ಶಿವಮೊಗ್ಗದ ಕಡೆಯವರು 1939ರಲ್ಲಿ ಮಾಮ್ಕೋಸ್ ಮಾಡಿಕೊಂಡರು. 1970ರ ಆಸುಪಾಸಿನಲ್ಲಿ ದರ ಬಿದ್ದಾಗ ದಕ್ಷಿಣ ಕನ್ನಡ, ಕಾಸರಗೋಡಿನ ಬೆಳೆಗಾರರು ನೆಲ ಕಚ್ಚಿದರು. ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿತು, ಕರ್ನಾಟಕ ಮತ್ತು ಕೇರಳ ಎರಡಕ್ಕೂ ಸೇರಿ.

ಕೋಕೋ ಕಥೆ ಇನ್ನೂ ಪಾಠ. ಅಡಿಕೆ ನೆರಳಲ್ಲಿ ಕೋಕೋ ಹಾಕಿ ಅಂತ ಹೇಳಿದ್ದರು, ಜನ ಹಾಕಿದರು. 1980ರ ಸುಮಾರಿಗೆ ಕೊಳ್ಳುವವರೇ ಹಿಂದೆ ಸರಿದಾಗ ಹಸಿ ಬೀಜ ಏನು ಮಾಡೋದು? ಅಡಿಕೆಯಾದರೆ ಅಟ್ಟದ ಮೇಲೆ ಇಟ್ಟು ಕಾಯಬಹುದು, ಕೋಕೋ ಹಾಗೆ ಕಾಯೋದಿಲ್ಲ. ಕ್ಯಾಂಪ್ಕೋ ಕೋಕೋ ಕೊಳ್ಳಲು ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಫ್ಯಾಕ್ಟರಿಯನ್ನೇ ತೆರೆಯಿತು.

ಇಲ್ಲಿ ಒಮಾನಿನಲ್ಲಿ ಜನರನ್ನು ಒಟ್ಟಿಗೆ ಕಟ್ಟಿಹಾಕಿದ್ದು ನೀರು. ಬೆಟ್ಟದ ಬುಡದಿಂದ ಇಳಿಜಾರಿನಲ್ಲೇ ಹರಿದು ಬರುವ ಫಲಜ್ ಕಾಲುವೆಗಳು ಈಗಲೂ ಸುಮಾರು 3000 ಇವೆ. ನಿಜ್ವಾದ ಫಲಜ್ ದಾರಿಸ್ ಸೇರಿ ಐದನ್ನು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಪ್ರತಿ ತೋಟಕ್ಕೂ ಇಷ್ಟು ಹೊತ್ತು ಅಂತ ಪಾಲು; ಹಿಂದೆ ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ನೀರು ತಿರುಗಿಸ್ತಿದ್ದರು. ಕರೆಂಟೂ ಬೇಡ, ಪಂಪೂ ಬೇಡ. ನನ್ನಂಥವನಿಗೆ ಅಲ್ಲಿ ಕೆಲಸವೇ ಇಲ್ಲ! ಖರ್ಜೂರದ ಕೆಳಗೆ ಲಿಂಬೆ, ಬಾಳೆ, ಅದರ ಕೆಳಗೆ ದನ ಆಡಿಗೆ ಕುದುರೆಮೆಂತೆ. ಇವರದ್ದೂ ಒಂಟಿ ಮರವಲ್ಲ.

ಇಷ್ಟೆಲ್ಲ ಓದಿ ಕೇಳಿ ತಿಳಿಯೋಕೆ ಹೋದದ್ದು ಅಪ್ಪನ ಒಂದು ಫೋನಿನಿಂದ. "ಮಗಾ, ಎಲ್ಲರೂ ಗದ್ದೆಗೆ ಅಡಿಕೆ ಇಡ್ತಿದಾರೆ, ದುಡ್ಡು ಕಳಿಸು, ನಾವೂ ಒಂದೆಕರೆ ಪೂರ್ತಿ ಇಡುವ" ಅಂದಿದ್ದರು. ನಮಗಿರುವುದು ಅದೊಂದೇ ಎಕರೆ. ಅಮ್ಮ ಬೇರೆಯವರ ಅಡಿಕೆ ಸುಲಿದು ಉಳಿಸಿದ ಗದ್ದೆ ಅದು. ಸಸಿ ಇಟ್ಟರೆ ಫಸಲಿಗೆ ಐದಾರು ವರ್ಷ. ಅಲ್ಲಿವರೆಗೆ ನನ್ನ ವೀಸಾ ಇರುತ್ತದೋ ಇಲ್ಲವೋ. ನಿಮ್ಮಲ್ಲೂ ಸುಮಾರು ಜನರಿಗೆ ಇಂಥ ಫೋನ್ ಬಂದಿರಬಹುದು.

ದುಡ್ಡು ಕಳಿಸಿದೆ, ಅರ್ಧ ಎಕರೆಗೆ. ಮೊದಲು ಬಸಿಗಾಲುವೆ ತೆಗೆಸಿ, ಬಾಳೆ ನಡುವೆ ಅಡಿಕೆ ಸಸಿ ಇಡಿ, ಮರ ಬಲಿತ ಮೇಲೆ ಮೆಣಸು ಹಬ್ಬಿಸುವ, ಉಳಿದರ್ಧ ಭತ್ತಕ್ಕೇ ಇರಲಿ ಅಂದೆ. ಅಪ್ಪನಿಗೆ ಸಿಟ್ಟು ಬಂತು, ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಅಮ್ಮ ಮಾತ್ರ ಫೋನ್ ತಗೊಂಡು, ಬರುವಾಗ ಒಂದು ಕೆಜಿ ಉತ್ತುತ್ತೆ ತಗೊಂಡು ಬಾ, ತಂಗಿ ಮದುವೆಗೆ ಬೇಕು ಅಂದಳು.